ಖಂಡೇಪೂಜೆಗೆ ಕುಳಿತ ಸರ್ವರ್

ಅಕ್ಷತಾ, ಪವನ, ಇಬ್ಬರಿಗೂ ಸೇರಿ ಬರೆಯುತ್ತಿದ್ದೇನೆ.

ಮೊನ್ನೆ ಅಕ್ಷತಾ ಹೊಸ ಲ್ಯಾಪ್‌ಟಾಪಿನ ಮುಂದೆ ಕೂತು ಹಲ್ಲು ಕಡಿಯುತ್ತಿದ್ದಳು. ಏನನ್ನೋ ಅದರೊಳಗೆ ಇಳಿಸಲು ಹಚ್ಚಿದ್ದಳಂತೆ, ಅದು ಚಹಾ ಕುದಿಯುವಷ್ಟು ಹೊತ್ತು ತೆಗೆದುಕೊಂಡಿತು. “ಅಜ್ಜಿ, ಇದು ನನ್ನ ಜೀವಾ ತಿನ್ನಾಕತ್ತೈತಿ” ಅಂದಳು. ನನಗೆ ನಗು ಬಂತು, ಸಿಟ್ಟೂ ಬಂತು. ಅಟ್ಟದ ಮೇಲಿಂದ ನಿಮ್ಮ ಅವ್ವನ ಹಳೆಯ ಲ್ಯಾಪ್‌ಟಾಪು ಇಳಿಸಿ ಒರೆಸುತ್ತ ಕೂತೆ. ಅದರ ಮುಚ್ಚಳದ ಸಂದಿಯಲ್ಲಿ ಇನ್ನೂ ವಿಭೂತಿ ಇದೆ. ಮೂಗಿಗೆ ಹಿಡಿದರೆ ಊದಿನಕಡ್ಡಿಯ ವಾಸನೆ, ಅದರ ಕೆಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಒಂದು ಇಡೀ ಮಳೆಗಾಲ ನಮ್ಮ ಮನೆ ಹಾಗೇ ನಾರುತ್ತಿತ್ತು.

ಆ ಮಳೆಗಾಲದ ಕತೆ ನಿಮಗೆ ಯಾರೂ ಪೂರ್ತಿ ಹೇಳಿಲ್ಲ. ನಿಮ್ಮ ಅವ್ವ ಹೇಳಿದರೆ ಎರಡು ಮಾತಿನಲ್ಲಿ ಮುಗಿಸುತ್ತಾಳೆ. ನಾನು ಎದುರು ಕೂತು ಹೇಳುವವಳಲ್ಲ. ನಾಲ್ಕು ಜನ ಇದ್ದಲ್ಲಿ ನನ್ನ ದನಿ ಗಂಟಲಲ್ಲೇ ನಿಲ್ಲುತ್ತದೆ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಅಕ್ಷತಾ ಎರಡನೆಯ ಇಯತ್ತೆ, ಪವನ ಅಂಬೆಗಾಲು ಇಡುತ್ತಿದ್ದ. ನಿಮ್ಮ ಅಪ್ಪನಿಗೆ ಹಿರೇಕೆರೂರು ಡಿಪೋದಲ್ಲಿ ಕಂಡಕ್ಟರ್ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಆಡೂರಿನಿಂದ ಸ್ವಲ್ಪ ಮುಂದಿರುವ ಈ ನಮ್ಮ ಊರಿನ ಮನೆಯಲ್ಲಿ ನಾನು, ನಿಮ್ಮ ಅವ್ವ ರೇಖಾ, ನೀವಿಬ್ಬರು. ಒಂದೇ ಗೋಡೆಯ ಆಚೆ ದೊಡ್ಡಜ್ಜಿ ಗಂಗವ್ವ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಅಡುಗೆ ಬೇರೆ ಬೇರೆ, ದೇವರ ಮನೆ ಮಾತ್ರ ಎರಡೂ ಮನೆಗೆ ಸೇರಿ ಒಂದೇ. ಹಾಗಾಗಿ ನಮ್ಮ ಮನೆಯಲ್ಲಿ ಏನೇ ನಡೆದರೂ ಅದು ಗಂಗವ್ವನ ಮನೆಯಲ್ಲೂ ನಡೆದ ಹಾಗೆಯೇ.

ನಿಮ್ಮ ಅವ್ವ ಸವಣೂರಿನಿಂದ ದಿನಾ ಬಸ್ಸು ಹಿಡಿದು ಶಿಗ್ಗಾಂವಿಯ ಕಾಲೇಜಿಗೆ ಹೋಗಿ ಬಿಸಿಎ ಓದಿದವಳು. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು, ಅದರ ಮೇಲೆ ಸೀರೆ, ಸೀರೆಯ ಮೇಲೆ ನಿಮ್ಮ ಕುಲಾಯಿ ದುಪಟಿ. ಅವಳು ಎಂದೂ ಅದರ ಮಾತು ತೆಗೆದವಳಲ್ಲ. ಆದರೆ ಟ್ರಂಕು ತೆರೆದಾಗೊಮ್ಮೆ ಕೈ ತಳದವರೆಗೆ ಹೋಗಿ ಬರುವುದನ್ನು ನಾನು ನೋಡಿದ್ದೆ.

ಆ ವರ್ಷ ಮಿರಗದ ಮಳೆಗೆ ಮುಂಚೆ ಅವಳ ಹಳೆಯ ಗೆಳತಿಯೊಬ್ಬಳು ಫೋನು ಮಾಡಿದಳು. ಶಿಗ್ಗಾಂವಿಯಲ್ಲಿ ಒಂದು ಕಾಳಿನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ವಿದ್ಯಾ ಅನ್ನುವ ಮ್ಯಾಡಮ್ಮು ಸಣ್ಣ ಆಫೀಸು ಇಟ್ಟಿದ್ದಾರೆ, ವ್ಯಾಪಾರದವರಿಗೆ ಫೋನಿನಲ್ಲಿ ತೆರೆಯುವ ಅಂಗಡಿಗಳನ್ನು ಮಾಡಿಕೊಡುತ್ತಾರೆ, ಮನೆಯಲ್ಲೇ ಕೂತು ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬೇಕಂತೆ ಅಂತ. ರೇಖಾ ಹೋಗಿ ಕಂಡು ಬಂದಳು. ಕೇಳಲು ಬಂದವರು ಇನ್ನೂ ಕೆಲವರಿದ್ದರು. ಮ್ಯಾಡಮ್ಮು ಹೇಳಿದ್ದು ಇಷ್ಟೇ: “ಸರ್ಟಿಫಿಕೇಟ್ ನೋಡೂದಿಲ್ರಿ. ಸವಣೂರಿನ ವೀಳ್ಯದೆಲಿ ತೋಟದವರಿಗೆ ಒಂದು ಅಂಗಡಿ ಮಾಡ್ರಿ. ಗಿರಾಕಿ ಫೋನಿನ್ಯಾಗ ಎಲಿ ಕೇಳಬೇಕು, ತೋಟದವರಿಗೆ ಕಾಣಬೇಕು. ಮೊದಲ ನಿಮ್ಮ ಮನ್ಯಾಗ, ನಿಮ್ಮ ಮಷಿನ್ನಿನ ಮ್ಯಾಲ ನಡಸಿ ತೋರಿಸ್ರಿ. ದಸರಾದೊಳಗ. ಯಾರ್ದು ನಡೀತೈತೋ ಅವರು ವಿಜಯದಶಮಿ ದಿನ ಕೆಲಸಕ್ಕ ಕೈ ಹಚ್ಚೂದು.”

ಮನೆಗೆ ಬಂದು ರೇಖಾ ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಅಂದಳು, “ಅತ್ತಿ, ಇದೊಂದ ಸಲ ನೋಡ್ತೇನಿ. ಆಗಲಿಲ್ಲಂದ್ರ ಇನ್ನ ಈ ಮಾತ ತಗಿಯೂದಿಲ್ಲ.”

ಅವಳ ಅಣ್ಣ ಸವಣೂರಿನಿಂದ ತನ್ನ ಹಳೆಯ ಲ್ಯಾಪ್‌ಟಾಪು ತಂದುಕೊಟ್ಟ. ಬ್ಯಾಟರಿ ಮುದುಕಾಗಿತ್ತು, ಒಂದು ಗುಂಡಿ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಮನೆಯಲ್ಲೇ ನಡೆಸುವುದು ಅಂದರೆ ಏನು ಅಂತ ನಾನು ಕೇಳಿದೆ. ಹಬ್ಬದ ದಿನ ನಾಲ್ಕು ಮಂದಿಗೆ ಬಡಿಸುವ ಮುಂಚೆ ಒಂದು ಹೋಳಿಗೆ ಬೇಯಿಸಿ ನೋಡುತ್ತೇವಲ್ಲ, ಹಾಗೆ, ಅಂದಳು. ಹರಿದರೂ ಮನೆಯವರೇ ತಿನ್ನುವುದು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮನೆಯಲ್ಲೇ ಒಂದು ಸರ್ವರ್ ಹಚ್ಚಬೇಕು ಅಂದಳು.

ಆ ಮಾತು ಗೋಡೆಯಾಚೆ ಕೇಳಿಸಿತು. ಗಂಗವ್ವ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ನಮ್ಮ ಕಡೆ ಸರ್ವರ್ ಅನ್ನುವ ಹೆಸರು ಯಾರಿಗೆ ಗೊತ್ತಿಲ್ಲ? ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಇಟ್ಟು ಇಟ್ಟು ಸವೆದವರು ನಾವು. ಹೋದಾಗಲೆಲ್ಲ “ಸರ್ವರ್ ಇಲ್ಲವಾ, ನಾಳಿಗಿ ಬಾ” ಅನ್ನುವ ಮಾತು.

“ಏನವಾ ರೇಖಾ,” ಅಂದಳು ಗಂಗವ್ವ, “ಆ ಮುರಕೊಂಡ ಬಿದ್ದ ಸರ್ವರ್ ನಮ್ಮ ಮನಿಗ್ಯಾಕ ತಂದಿ? ಅಲ್ಲೇ ರೇಷನ್ ಅಂಗಡ್ಯಾಗ ಸಾಯಲಿ ಅದು!”

“ಅದಲ್ರಿ ದೊಡ್ಡತ್ತಿ, ಇದು ಬ್ಯಾರೆ.”

“ಎಲ್ಲಾ ಒಂದ ಜಾತಿ. ಬೇಕಾದಾಗ ಇರೂದಿಲ್ಲ.”

ಖರೇ ಹೇಳಬೇಕೆಂದರೆ ಆ ಮಳೆಗಾಲದಲ್ಲಿ ಆಕೆಯ ಮಾತೇ ಹೆಚ್ಚು ಸಲ ಗೆದ್ದಿತು.

ಮೊದಲ ಕಾಟ ನೆಟ್‌ವರ್ಕಿನದು. ಬೇಕಾದ ಸಾಮಾನೆಲ್ಲ ಗಾಳಿಯಿಂದ ಇಳಿಸಿಕೊಳ್ಳಬೇಕಂತೆ, ಗಾಳಿ ಬರುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕದ ಒಂದೇ ಮೂಲೆಯಲ್ಲಿ. ಮಿರಗ ಹನಿಸಿ ಹೋಗಿ ಆರಿದ್ರಾ ಹಿಡಿದಿತ್ತು. ಗೋವಿನಜೋಳ ಬಿತ್ತಿದವರಿಗೆ ಸುಖ, ನಮಗೆ ದುಃಖ. ರೇಖಾ ಚೌಕಿಮಣೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂರುತ್ತಿದ್ದಳು, ನಾನು ಪವನನನ್ನು ಸೊಂಟದ ಮೇಲಿಟ್ಟುಕೊಂಡು ಕೊಡೆ ಹಿಡಿಯುತ್ತಿದ್ದೆ. ಕೊಡೆ ಯಂತ್ರಕ್ಕೆ, ನಮಗಲ್ಲ. ಪರದೆಯ ಮೇಲೆ ಒಂದು ಗೆರೆ ಇರುವೆಯ ಹಾಗೆ ಬಲಗಡೆಗೆ ಸರಿಯುತ್ತಿತ್ತು. ಇನ್ನೇನು ದಂಡೆ ಮುಟ್ಟಿತು ಅನ್ನುವಾಗ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ. ಕೆಳಗೆ ಬೀದಿಯಲ್ಲಿ ಹೋಗುವವರು ಕತ್ತೆತ್ತಿ ನೋಡುತ್ತಿದ್ದರು. “ಏನ್ ನಡಿಸೀರಿ ಶಾಂತಕ್ಕ, ಮಳಿ ಎಣಸಾಕತ್ತೀರೇನು?” ಅಂತ ಒಬ್ಬಳು ಕೇಳಿದಳು. ನನಗೆ ನಾಚಿಕೆಯಾಗಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ನೀರು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಆವತ್ತು ಒಲೆಯ ಹತ್ತಿರ ಅದನ್ನು ಹಪ್ಪಳದ ಹಾಗೆ ಒಣಗಿಸಿದೆವು.

ಇಳಿಸಿಕೊಂಡ ಮೇಲೆ ಅವುಗಳನ್ನು ಒಂದಕ್ಕೊಂದು ಹೊಂದಿಸುವ ಕಾಟ. ಹೇಗೆ ಮಾಡಬೇಕು ಅಂತ ತೋರಿಸುವ ಒಂದು ವಿಡಿಯೊ ಇತ್ತು. ಅದರಲ್ಲಿ ಒಬ್ಬ ಮನುಷ್ಯ ನಗುನಗುತ್ತ ನಾಲ್ಕು ಸಾಲು ಬರೆದು “ನೋಡಿ, ಎಷ್ಟು ಸುಲಭ” ಅನ್ನುತ್ತಿದ್ದ. ಅದೇ ನಾಲ್ಕು ಸಾಲು ನಿಮ್ಮ ಅವ್ವ ಬರೆದರೆ ಪರದೆಯ ತುಂಬ ಕೆಂಪು ಅಕ್ಷರ. ಅವನು ತೋರಿಸಿದ್ದು ಹಳೆಯ ಪದ್ಧತಿ, ಇವಳು ಇಳಿಸಿಕೊಂಡದ್ದು ಹೊಸದು, ಎರಡಕ್ಕೂ ಬೀಗತನ ಕೂಡುವುದಿಲ್ಲ ಅಂತ ಗೊತ್ತಾಗಲು ಪುನರ್ವಸು ಮಳೆ ಮುಗಿಯಿತು. ನಾನು ಜೀವನದಲ್ಲಿ ಯಾರಿಗೂ ಎದುರು ಆಡಿದವಳಲ್ಲ. ಆದರೆ ಆ ಮನುಷ್ಯ ಹಾನಗಲ್ಲಿನ ಸಂತೆಯಲ್ಲಿ ಎದುರಾಗಿದ್ದರೆ ಕೈಯೊಳಗಿನ ಚೀಲ ಬಿಸಾಕಿ ಕೇಳುತ್ತಿದ್ದೆ, ಏನಪ್ಪಾ ಸುಲಭ, ಯಾರಿಗಪ್ಪಾ ಸುಲಭ ಅಂತ.

ಕೆಂಪು ಅಕ್ಷರ ಬಂದಾಗಲೆಲ್ಲ ರೇಖಾ ಅದನ್ನು ಜೋರಾಗಿ ನನಗೆ ಓದಿ ಹೇಳುತ್ತಿದ್ದಳು. ನನಗೆ ತಿಳಿಯಲಿ ಅಂತಲ್ಲ, ಯಾರ ಹತ್ತಿರವಾದರೂ ಹೇಳದಿದ್ದರೆ ತಲೆ ಒಡೆಯುತ್ತಿತ್ತು, ಅದಕ್ಕೆ. ನಾನು ಅಕ್ಕಿ ಆರಿಸುತ್ತ ಹೂಂ ಅನ್ನುತ್ತಿದ್ದೆ. ಒಂದು ದಿನ ಅಂಗಡಿಗೆ ಬೇಕಾದ ಬಾಗಿಲನ್ನು ಒಳಗಿನದೇ ಬೇರೊಂದು ಕೆಲಸ ಹಿಡಿದುಕೊಂಡು ಕೂತಿದೆ ಅಂತ. ಇನ್ನೊಂದು ದಿನ ಎಲೆ ಗಿರಾಕಿಗಳ ಲೆಕ್ಕ ಇಡುವ ಕೋಣೆಗೆ ಇವಳೇ ಹಾಕಿದ ಗುಟ್ಟಿನ ಮಾತನ್ನು ಇವಳಿಂದಲೇ ಅದು ಒಪ್ಪುತ್ತಿಲ್ಲ ಅಂತ.

“ತಾನ ಹಾಕಿದ ಕೀಲಿ ತನಗ ತಗಿಯಾಕ ಬರವಲ್ದು,” ಅಂದಳು ಗೋಡೆಯಾಚೆಯ ಗಂಗವ್ವ. “ಇದಕ್ಕ ಬಿಸಿಎ ಬ್ಯಾರೆ ಓದಬೇಕೇನು? ನಾ ಓದದನ ಹಿತ್ತಲಬಾಗಿಲ ಕೀಲಿ ಕಳಕೊಂಡೇನಿ.”

ರೇಖಾನ ಕಣ್ಣು ಕೆಂಪಾದವು. ನಾನು ಏನಾದರೂ ಅನ್ನಬೇಕಿತ್ತು, ಆದರೆ ಚಹಾ ಇಟ್ಟೆ. ನನಗೆ ಬರುವುದು ಅಷ್ಟೇ.

ಮಘಾ ಮಳೆಯ ಹೊತ್ತಿಗೆ ಒಂದು ಮಧ್ಯಾಹ್ನ ಅಡುಗೆಮನೆಗೆ ಓಡಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಪರದೆಯ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ “ನಿಮಗೆಷ್ಟು ಕಟ್ಟು ಬೇಕು?” ಅಂತ ಕನ್ನಡದಲ್ಲಿ. ನನಗೆ ಅಷ್ಟೂ ಓದಲು ಬಂತು, ಅದೇ ದೊಡ್ಡ ಸಂತೋಷ. ನನ್ನ ಫೋನಿನಲ್ಲೂ ನೋಡೋಣ ಅಂತ ಅಲ್ಲಿದ್ದ ವಿಳಾಸವನ್ನೇ ಹಾಕಿದಳು. ಬರಲಿಲ್ಲ. ತಲೆ ಬಡಿದುಕೊಂಡು ನಕ್ಕಳು.

“ನೋಡ್ರಿ ಅತ್ತಿ, ನಾ ಬರೆದಿದ್ದು ‘ನಮ್ಮನಿ’ ಅಂತ. ನಮ್ಮನಿ ಅಂದ್ರ ಯಾರು ಓದತಾರೋ ಅವರ ಮನಿ ಆಗ್ತೈತಿ. ನಿಮ್ಮ ಫೋನ್ ತನ್ನ ಮನ್ಯಾಗ ಹುಡುಕಾಕತ್ತೈತಿ. ಅಲ್ಲಿ ಅಂಗಡಿ ಎಲ್ಲಿಂದ ಬರಬೇಕು?”

ಹಾಗಾದರೆ ಲ್ಯಾಪ್‌ಟಾಪಿನ ಮನೆ ನಂಬರು ಕೊಡಬೇಕು, ಎರಡೂ ರೇಖಾನ ಫೋನಿನ ಹಾಟ್‌ಸ್ಪಾಟಿನಲ್ಲೇ ಇರಬೇಕು. ಕೊಟ್ಟಳು, ನನ್ನ ಫೋನಿನಲ್ಲಿ ಎಲೆ ಬಂತು. ನಾನು ಮರೆಯಬಾರದು ಅಂತ ದೇವರ ಮನೆಯ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಿಂದ ನಂಬರು ಬರೆದೆ. ಮರುದಿನ ಕರೆಂಟು ಹೋಗಿ ಬಂತು, ಎಲ್ಲ ಆರಿಸಿ ಹಚ್ಚಿದೆವು, ನಂಬರು ಬದಲಾಗಿತ್ತು! ಅಳಿಸಿ ಹೊಸದು ಬರೆದೆ. ಅದೂ ಬದಲಾಯಿತು. ನಮ್ಮ ಕಡೆಯ ಕರೆಂಟು ನಿಮಗೆ ಗೊತ್ತೇ ಇದೆ. ದೀಪ ಹೋದಾಗೊಮ್ಮೆ ಊರಿನ ಮನೆಗಳ ನಂಬರೆಲ್ಲ ಬದಲಾದರೆ ಪೋಸ್ಟಿನವನ ಗತಿ ಏನಾಗಬೇಕು? ಆ ಗೋಡೆಯ ತುಣುಕು ಅಳಿಸಿ ಬರೆದು ಅಳಿಸಿ ಬೂದಿಬಣ್ಣಕ್ಕೆ ತಿರುಗಿತು. ಕೊನೆಗೆ ನಂಬರನ್ನು ಗೂಟಕ್ಕೆ ಕಟ್ಟಿದ ದನದ ಹಾಗೆ ಒಂದೇ ಕಡೆ ಕಟ್ಟುವ ದಾರಿ ಇದೆ ಅಂತ ರೇಖಾ ಕಂಡುಹಿಡಿದಳು. ಅದಾದ ಮೇಲೆ ಬರೆದ ನಂಬರು ಈಗಲೂ ಅಲ್ಲೇ ಇದೆ, ಹೋಗಿ ನೋಡಿ. ಸುಣ್ಣ ಬಳಿಯುವವನಿಗೆ ಅಷ್ಟು ಜಾಗ ಬಿಡು ಅಂತ ನಾನೇ ಹೇಳಿದ್ದೇನೆ.

ಮಘಾ ಮಳೆ ಇನ್ನೂ ಮುಗಿದಿರಲಿಲ್ಲ, ಹೊರಗಿನವರು ಬಳಸಿ ನೋಡಬೇಕು ಅಂತ ರೇಖಾ ನನ್ನ ಫೋನನ್ನು ಗಂಗವ್ವನ ಕೈಗೆ ಕೊಟ್ಟಳು. ಆಕೆಗೆ ಎಲೆ ಅಂದರೆ ಪ್ರಾಣ. ಒಂದು ಕಟ್ಟು ಎಳೆಯ ಎಲೆ ಅಂತ ಒತ್ತಿದಳು. ಲ್ಯಾಪ್‌ಟಾಪಿನ ಮೇಲೆ “ಗಂಗವ್ವ, ಒಂದು ಕಟ್ಟು” ಅಂತ ಬಂತು. ರೇಖಾ ಕುಣಿಯುವುದೊಂದು ಬಾಕಿ. ಗಂಗವ್ವ ಕಟ್ಟೆಯ ಮೇಲೆ ಕೂತಳು, ಸಂಜೆಯ ಸವಣೂರು ಬಸ್ಸು ಬಂದು ಹೋಗುವವರೆಗೂ ಏಳಲಿಲ್ಲ.

“ಎಲಿ ಎಲ್ಲೈತವಾ?”

“ಇದು ಖರೇದ್ದಲ್ರಿ ದೊಡ್ಡತ್ತಿ, ಇನ್ನೂ ಪರೀಕ್ಷಾ ಮಾಡಾಕತ್ತೇನಿ. ಮನ್ಯಾಗಷ್ಟ ನಡೀತೈತಿ.”

“ಹಂಗಾರ ಸುಳ್ಳ ಅಂಗಡಿ ಇಟ್ಟೀದಿ ಅನ್ನು. ನನ್ನ ಹೆಸರ ಬರಕೊಂಡಿ, ಎಲಿ ಇಲ್ಲ. ರೇಷನ್ ಅಂಗಡ್ಯಾಂವರ ನಾಳಿಗಿ ಬಾ ಅಂತಾನ!”

ಅಂದಿನಿಂದ ಬೀದಿಯಲ್ಲಿ ಕಂಡವರಿಗೆಲ್ಲ “ನಮ್ಮ ರೇಖಾನ ಸುಳ್ಳ ಅಂಗಡಿಗೆ ಹೋಗಿ ಬರ್ರಿ” ಅನ್ನುತ್ತಿದ್ದಳು.

ಉತ್ತರಿ ಮಳೆಯ ಹೊತ್ತಿಗೆ ಎಲ್ಲ ಮುಗಿಯಿತು ಅಂದುಕೊಂಡಾಗ ಆ ಯಂತ್ರ ತನ್ನಷ್ಟಕ್ಕೆ ತಾನೇ ಏನನ್ನೋ ಹೊಸದು ಮಾಡಿಕೊಂಡಿತು. ಬೆಳಿಗ್ಗೆ ತೆರೆದರೆ ಎಲೆ ಇಲ್ಲ, ಬರೀ ಕೆಂಪು. ರೇಖಾ ಮುಚ್ಚಳ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟು ಕೂತಳು. ನಿಮ್ಮ ಅಪ್ಪ ಫೋನಿನಲ್ಲಿ, “ಆಗದಿದ್ರ ಬಿಟ್ಟುಬಿಡ, ನೀ ಇಷ್ಟ ಮಾಡಿದ್ದ ದೊಡ್ಡದು” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಅವಳಿಗೆ ಬಿಡು ಅನ್ನುವ ಮಾತು ಬೇಕಿರಲಿಲ್ಲ.

“ಅತ್ತಿ, ಸಾಕಾತು,” ಅಂದಳು ನನಗೆ.

ನಾನು ಹಿಟ್ಟು ನಾದುತ್ತಿದ್ದೆ. “ಮೊದಲಿಂದ ಮಾಡಿದ್ರ ಎಷ್ಟ ಹೊತ್ತ ಹಿಡೀತೈತಿ?” ಅಂತ ಕೇಳಿದೆ. ಸಮಾಧಾನ ಮಾಡಲು ಅಲ್ಲ, ಬೇರೆ ಏನು ಕೇಳಬೇಕು ತಿಳಿಯದೆ.

ಅವಳು ಯೋಚನೆ ಮಾಡಿದಳು. “ಈಗ ದಾರಿ ಗೊತ್ತೈತಿ. ಎಲ್ಲೆಲ್ಲಿ ಎಡವಿ ಬಿದ್ದೆ, ಅದೂ ಗೊತ್ತೈತಿ,” ಅಂದಳು. ಮುಚ್ಚಳ ತೆರೆದಳು. ಇಡೀ ಮಳೆಗಾಲ ಹಿಡಿದ ಕೆಲಸ ಆ ಸಲ ಅಷ್ಟು ದಿನ ಹಿಡಿಯಲಿಲ್ಲ. ಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು, ನೋಡಿದಳು, ಏನೂ ಅನ್ನದೆ ಹೋದಳು. ಅದೇ ನನಗೆ ಆಶ್ಚರ್ಯ.

ನವರಾತ್ರಿ ಬಂತು. ಆಯುಧಗಳನ್ನೆಲ್ಲ ಪೂಜೆಗಿಡುವ ಖಂಡೇಪೂಜೆಯ ಬೆಳಿಗ್ಗೆ ಲ್ಯಾಪ್‌ಟಾಪು ತೆಗೆದುಕೊಂಡು ಬನ್ನಿ, ಮಧ್ಯಾಹ್ನ ನಮ್ಮದೂ ಪೂಜೆ, ಅದರೊಳಗೆ ನೋಡಿಬಿಡುತ್ತೇನೆ ಅಂತ ಮ್ಯಾಡಮ್ಮು ರೇಖಾಗೆ ತಿಳಿಸಿದ್ದರು. ಮರುದಿನವೇ ದಶಮಿ, ಹೆಸರು ಹೇಳುವ ದಿನ. ನಿಮ್ಮ ಅವ್ವ ನಿಮ್ಮಿಬ್ಬರಿಗೂ ನೀರೆರೆದು, ಸೀರೆ ಉಟ್ಟು, ಚೀಲ ತೆಗೆದುಕೊಂಡು ಬಂದರೆ ಮೇಜಿನ ಮೇಲೆ ಲ್ಯಾಪ್‌ಟಾಪು ಇಲ್ಲ.

ಅದು ದೇವರ ಮನೆಯಲ್ಲಿತ್ತು. ಕುಡಗೋಲು, ಕಳೆ ತೆಗೆಯುವ ಕುರ್ಚಿಗಿ, ಈಳಿಗೆ, ಒನಕೆ, ನಿಮ್ಮ ಅಪ್ಪನ ಹಳೆಯ ಟಿಕೆಟು ಚೀಲ, ಇವೆಲ್ಲದರ ಮುಂದೆ, ನಡುವಿನ ಮಣೆಯ ಮೇಲೆ. ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಒಂದು ಚೆಂಡು ಹೂವು. ಪೂಜೆ ಆಗಿಹೋಗಿತ್ತು. ಗಂಗವ್ವ ಹಣೆಯ ಬೆವರು ಒರೆಸಿಕೊಳ್ಳುತ್ತ ಅಂದಳು, “ಎಲ್ಲಾರ ಮುಂದ ಇಟ್ಟೇನವಾ ನಿನ್ನ ಮಷಿನ್ನ. ಈ ವರ್ಷ ಈ ಮನ್ಯಾಗ ಕುಡಗೋಲಕಿಂತ ಹೆಚ್ಚ ದುಡದಿದ್ದು ಅದ.”

ನಾಲ್ಕು ತಿಂಗಳು ಹಂಗಿಸಿದ ಬಾಯಿ ಒಂದು ಒಳ್ಳೆಯ ಮಾತು ಆಡಿದ್ದು ಆವತ್ತು, ಆಡಿದ್ದೂ ಎಂಥಾ ಹೊತ್ತಿನಲ್ಲಿ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಖಂಡೇಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಕದಲಿಸುವಂತಿಲ್ಲ. ಬೇರೆ ಮನೆಗಳಲ್ಲಿ ಈಗ ಅಷ್ಟು ಬಿಗಿ ಇಲ್ಲ, ನಮ್ಮ ಮನೆಯಲ್ಲಿ ಇದೆ. ಅದಕ್ಕೆ ಕಾರಣ ನಿಮ್ಮ ಅಜ್ಜ. ಒಂದು ವರ್ಷ ಆಕಳು ಹಸಿದಿದೆ ಅಂತ ಪೂಜೆಯ ಕುಡಗೋಲು ಎತ್ತಿಕೊಂಡು ಮೇವಿಗೆ ಹೋದರು. ಆ ಚಳಿಗಾಲದಲ್ಲಿ ಎದೆ ನೋವು ಬಂದು ಹೋಗಿಬಿಟ್ಟರು. ಎರಡಕ್ಕೂ ಸಂಬಂಧ ಇಲ್ಲ ಅಂತ ನಾನು ಬಲ್ಲೆ. ಗಂಗವ್ವ ಹಾಗೆ ತಿಳಿದಿಲ್ಲ. ಮೈದುನನನ್ನು ಮಗನ ಹಾಗೆ ನೋಡಿಕೊಂಡವಳು ಆಕೆ. ಅಂದಿನಿಂದ ಆ ದಿನ ಈ ಮನೆಯಲ್ಲಿ ಒಂದು ಚಾಕೂ ಕದಲಿಲ್ಲ.

ರೇಖಾಗೆ ಇದೆಲ್ಲ ಗೊತ್ತಿತ್ತು. ನನ್ನ ಮುಖ ನೋಡಿದಳು, ಚೀಲ ಗೂಟಕ್ಕೆ ಹಾಕಿದಳು, ಹೋಳಿಗೆಗೆ ಬೇಳೆ ಇಡಲು ಹೋದಳು. ಶಿಗ್ಗಾಂವಿಯ ಬಸ್ಸು ಹಾರ್ನ್ ಹೊಡೆದು ಊರು ದಾಟಿತು. ಅವಳು ಬೇಳೆ ತೊಳೆಯುತ್ತಲೇ ಇದ್ದಳು, ನೀರು ತಿಳಿಯಾದ ಮೇಲೂ.

ನನ್ನ ವಿಷಯ ನಿಮಗೆ ಗೊತ್ತು. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಕೈಗೆ ಸಿಕ್ಕವರಿಗೆ ಕೊಟ್ಟುಬಿಡುತ್ತೇನೆ. ಆವತ್ತು ರೇಖಾನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಆಕಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ನಿಂತು ಅಕ್ಷತಾಳ ಕೈಲಿ ಮ್ಯಾಡಮ್ಮಿನ ನಂಬರು ಒತ್ತಿಸಿದೆ.

“ಹಲೋ, ರೇಖಾ? ಹೊಂಟೀರೇನು?”

“ನಾ ಆಕಿ ಅತ್ತಿ ಮಾತಾಡಾಕತ್ತೇನ್ರಿ. ಆಕಿ ಬರೂದಿಲ್ರಿ.”

“ಯಾಕ್ರಿ? ಆರಾಮ ಅದಾರಲ್ಲ?”

“ಆಕಿ ಆರಾಮ ಅದಾಳ್ರಿ. ಕಂಪ್ಯೂಟರ್ ಪೂಜಿಗೆ ಕುಂತೈತ್ರಿ. ಏಳಸಾಕ ಬರೂದಿಲ್ರಿ.”

ಆ ಕಡೆಯಿಂದ ಜೋರಾಗಿ ನಗು ಕೇಳಿತು. “ನಮ್ಮತ್ತಿ ಮಧ್ಯಾಹ್ನದ ತನಕಾ ತಡೀಲಾರದ ಮುಂಜಾನೆನ ಆಫೀಸಿನ ಪ್ರಿಂಟರಿಗೆ ಅದನ್ನ ಮಾಡ್ಯಾರ್ರಿ. ಒಂದು ಕಾಗದ ತಗಿಯಾಕ ಬಿಡವಲ್ಲರು.”

ನನಗೆ ಎಲ್ಲಿಂದ ಧೈರ್ಯ ಬಂತೋ. “ಅದು ಎದ್ದು ಬರೂದಿಲ್ಲ. ನೀವ ಬರ್ರಿ. ಹೋಳಿಗಿ ಮಾಡಾಕತ್ತೇವಿ” ಅಂದೆ. ಸಂಜೆ ತವರುಮನೆಗೆ, ಹಾನಗಲ್ಲಿಗೆ ಹೊರಟಿದ್ದಾರಂತೆ, ದಾರಿಯಲ್ಲಿ ಇಳಿಯುತ್ತೇನೆ ಅಂದರು. ಫೋನು ಅಕ್ಷತಾಳ ಕೈಗೆ ಕೊಟ್ಟು ಆಕಳ ಬೆನ್ನಿಗೆ ಒರಗಿ ನಿಂತೆ.

ಒಳಗೆ ಬಂದು ಹೇಳಿದರೆ ರೇಖಾ ಸೌಟು ಹಿಡಿದು ನಿಂತುಬಿಟ್ಟಳು. “ಅವರು ಬಂದ್ರೂ ತೋರಿಸೂದು ಹೆಂಗ ಅತ್ತಿ? ಕದಲಿಸೂ ಹಂಗಿಲ್ಲಲ್ಲ?”

“ಕದಲಿಸೂದ್ಯಾಕ? ಅದರ ನಂಬರ್ ಗೂಟಕ್ಕ ಕಟ್ಟೀದಿಯಲ್ಲ. ಅಲ್ಲೇ ಕುಂದ್ರಲಿ. ಮಂದಿ ತಮ್ಮ ಫೋನಿನ್ಯಾಗ ಅಂಗಡಿಗೆ ಬರ್ತಾರ.”

ಅವಳ ಮುಖ ಅರಳಿದ್ದು ಬೇಳೆಯ ಹಬೆಯಲ್ಲೂ ಕಂಡಿತು. ಆದರೆ ಮೊದಲು ಗಂಗವ್ವ ಒಪ್ಪಬೇಕು. ಆಕೆ ದೇವರ ಮನೆಯ ಹೊಸ್ತಿಲಲ್ಲಿ ಕಂಬದ ಹಾಗೆ ಕೂತಿದ್ದಳು.

“ಅಕ್ಕ,” ಅಂದೆ, “ಕದಲಿಸೂದಿಲ್ಲ. ದೀಪಾ ಹಚ್ಚಿದಂಗ ಅದನ್ನೂ ಇದ್ದಲ್ಲೇ ಹಚ್ಚೂದು.”

“ಮುಚ್ಚಳ ತಗದ್ರ ಹೂವ ಬೀಳ್ತೈತಿ. ಪೂಜಿ ಹೂವ ಕೆಳಗ ಬಿದ್ರ ನಡಿಯೂದಿಲ್ಲ.”

“ಬೀಳಾಕ ಬಿಡೂದಿಲ್ಲ.”

ಗಂಗವ್ವ ನನ್ನನ್ನೇ ನೋಡಿದಳು. ಎಂದೂ ಎದುರು ಮಾತಾಡದವಳು ಮಾತಾಡಿದಳಲ್ಲ ಅಂತಲೋ ಏನೋ, ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ್ತಿಲಿನಿಂದ ಸರಿದು ಅಂದಳು, “ಹಂಗಾರ ನೀನ ಹಿಡಿ, ಶಾಂತಾ.”

ನಿಮ್ಮ ಅಜ್ಜ ಹೋದ ಮೇಲೆ ನಾನು ದೇವರಿಗೆ ದೂರದಿಂದ ಕೈ ಮುಗಿಯುತ್ತಿದ್ದೆ. ಪೂಜೆಗಿಟ್ಟ ಹೂವು ಮುಟ್ಟಿರಲಿಲ್ಲ. ಬೇಡ ಅಂತ ಯಾರೂ ಅಂದಿರಲಿಲ್ಲ, ಮುಟ್ಟು ಅಂತಲೂ ಯಾರೂ ಅಂದಿರಲಿಲ್ಲ. ಆವತ್ತು ಎರಡು ಬೆರಳಿನಿಂದ ಆ ಚೆಂಡು ಹೂವನ್ನು ಅದರ ಜಾಗದಲ್ಲೇ ಒತ್ತಿ ಹಿಡಿದೆ. ರೇಖಾ ಮುಚ್ಚಳವನ್ನು ನೂಲಿನಷ್ಟು ನೂಲಿನಷ್ಟು ಎತ್ತಿದಳು, ನನ್ನ ಕೈಯೂ ಅದರ ಜೊತೆ ಎದ್ದಿತು. ಮುಚ್ಚಳ ನೆಟ್ಟಗೆ ನಿಂತ ಮೇಲೆ ಗಂಗವ್ವ ತಾನೇ ಬಂದು ಹೂವಿಗೆ ಹಿಂದಿನಿಂದ ಒಂದಿಷ್ಟು ಕಣಕ ಮೆತ್ತಿ ಅಂಟಿಸಿದಳು. ಸಂಜೆಯವರೆಗೆ ಅದು ಬೀಳಲಿಲ್ಲ.

ಮ್ಯಾಡಮ್ಮು ಬಂದಾಗ ಹಸ್ತದ ಮಳೆ ಬಡಿಯುತ್ತಿತ್ತು. ನನಗಿಂತ ಎಷ್ಟೋ ಸಣ್ಣವರು, ಕಾಲು ತೊಳೆದು ಹೊಸ್ತಿಲ ಹೊರಗೆ ಕೂತರು. ಕುಡಗೋಲು ಒನಕೆಗಳ ನಡುವೆ ಬೆಳಗುತ್ತಿದ್ದ ಪರದೆ ನೋಡಿ ತುಟಿ ಕಚ್ಚಿ ನಗು ತಡೆದರು. ತಮ್ಮ ಫೋನನ್ನು ರೇಖಾನ ಹಾಟ್‌ಸ್ಪಾಟಿಗೆ ಕೂಡಿಸಿ ಗೋಡೆಯ ನಂಬರು ಹಾಕಿದರು. ಎಲೆ ಬಂತು. ಫೋನನ್ನು ಗಂಗವ್ವನಿಗೆ ಕೊಟ್ಟು, “ನೀವು ತಗೋರಿ ಅಜ್ಜಿ, ನಾ ನೋಡ್ತೇನಿ” ಅಂದರು.

“ತಗೋತೇನಿ. ಆದರ ಬರೂದಿಲ್ರಿ,” ಅಂದಳು ಗಂಗವ್ವ. “ಇದು ಸುಳ್ಳ ಅಂಗಡಿ.”

ರೇಖಾ ಕಣ್ಣು ಮುಚ್ಚಿಕೊಂಡಳು. ನನಗೆ ಗಂಗವ್ವನ ಬಾಯಿಗೆ ಹೋಳಿಗೆ ತುರುಕಬೇಕು ಅನ್ನಿಸಿತು. ಗಂಗವ್ವ ಒತ್ತಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು. ನಂದಾದೀಪದ ಬೆಳಕು ಮಾತ್ರ. ಆ ಮುದುಕು ಬ್ಯಾಟರಿ ಒಮ್ಮೆ ಮಿಣುಕಿತು, ಪರದೆ ಮಂಕಾಯಿತು, ಆದರೆ ಆರಲಿಲ್ಲ. ಅದರ ಮೇಲೆ ನಿಧಾನಕ್ಕೆ ಸಾಲು ಮೂಡಿತು: “ಗಂಗವ್ವ, ಒಂದು ಕಟ್ಟು.”

ಮ್ಯಾಡಮ್ಮು, ಏನೇನು ಕೆಟ್ಟಿತ್ತು, ಹೇಗೆ ಸರಿ ಮಾಡಿದಿರಿ ಅಂತ ಕೇಳಿದರು. ರೇಖಾ ಕೊಡೆಯಿಂದ ಹಿಡಿದು ಹೇಳಿದಳು. ಹೋಳಿಗೆ ತಿಂದರು, ಗಂಗವ್ವನ ಕಾಲಿಗೆ ನಮಸ್ಕಾರ ಮಾಡಿದರು, ಮಳೆಯಲ್ಲೇ ಕಾರು ಹತ್ತಿ ಹೋದರು. ಆ ರಾತ್ರಿ ರೇಖಾ ನನ್ನ ಹತ್ತಿರ, “ಮ್ಯಾಡಮ್ಮು ಒಳಗೊಳಗ ನಕ್ಕಿದ್ದು ಚಲೋದಕ್ಕೋ ಕೆಟ್ಟದಕ್ಕೋ ಅತ್ತಿ?” ಅಂತ ಕೇಳಿದಳು.

ಮರುದಿನ ಬನ್ನಿ ಮುಡಿದು ಊರಿನವರೆಲ್ಲ “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅನ್ನುತ್ತ ಮನೆ ಮನೆ ತಿರುಗುವ ಹೊತ್ತಿಗೆ ನಿಮ್ಮ ಅವ್ವನ ಫೋನು ರಿಂಗಾಯಿತು. ಆಕೆ ಕೇಳಿದ್ದು, ಹೂಂ ಅಂದದ್ದು, ಮತ್ತೆ ಹೂಂ ಅಂದದ್ದು ಅಷ್ಟೇ ನಮಗೆ ತಿಳಿದದ್ದು. ಆಮೇಲೆ ನೇರ ದೇವರ ಮನೆಗೆ ಹೋಗಿ ಲ್ಯಾಪ್‌ಟಾಪು ಎತ್ತಿಕೊಂಡು ಬಂದು ಹೂವು ಅಂಟಿದ ಹಾಗೇ ತೆರೆದು ಕೆಲಸಕ್ಕೆ ಕೈ ಹಚ್ಚಿದಳು. ದಶಮಿ ಅಲ್ಲವೇ. ನಾನು ಚಹಾ ಇಟ್ಟೆ.

ಆ ಎಲೆಯ ಅಂಗಡಿ ಮನೆಯ ಹೊಸ್ತಿಲು ದಾಟಿ ಊರಿಗೆಲ್ಲ ತೆರೆದುಕೊಂಡದ್ದು ಸಂಕ್ರಮಣದ ಹೊತ್ತಿಗೆ. ಮೊದಲ ಗಿರಾಕಿ ಯಾರು ಅಂತ ಹೇಳಬೇಕಿಲ್ಲ. ಸಂಜೆಯ ಬಸ್ಸಿನಲ್ಲಿ ಸವಣೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಟ್ಟು ಬಂತು, ಮೇಲೆ ಆಕೆಯ ಹೆಸರು. ರೇಖಾ ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ತಂದು ಆಕೆಯ ಉಡಿಯಲ್ಲಿಟ್ಟು ಎದುರು ನಿಂತಳು. ಗಂಗವ್ವ ಬಟ್ಟೆ ಬಿಚ್ಚಿದಳು. ಒಂದೊಂದೇ ಎಲೆ ತಿರುವಿ ನೋಡಿದಳು. ತೊಟ್ಟು ಮುರಿದಳು, ಸುಣ್ಣ ಹಚ್ಚಿದಳು, ಮಡಚಿ ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

“ಮಘಾ ಮಳ್ಯಾಗ ಕೇಳಿದ್ದೆ ನಾ ಇದನ್ನ,” ಅಂದಳು.